ಜಿಗಿಯುವ ತುಣುಕುಗಳೂ ನನ್ನ ವರ್ಗಾವಣೆಯೂ

ನನ್ನೊಳಗೆ ಜಿಗಿಯುವ ವಸ್ತುಗಳಿವೆ ಎಂದು ಗೊತ್ತಾಗುವ ಹೊತ್ತಿಗೆ ನನ್ನ ಮೊಣಕಾಲುಗಳು ಜಿಗಿಯುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಈ ಸುದ್ದಿ ತಂದವಳು ತಿರುವನಂತಪುರದಲ್ಲಿ ಸಂಶೋಧನೆ ಮಾಡುವ ಮಗಳು ಅನಘಾ. ಭಾನುವಾರ ಅದೇ ರಾಜ್ಯದ ಕಲೂರಿನ ನಮ್ಮ ಮನೆಗೆ ಬಂದಿದ್ದಳು. ಮನುಷ್ಯನ ಜೀನೋಮಿನಲ್ಲಿ ಕೆಲವು ತುಣುಕುಗಳು ತಾವು ಇದ್ದಲ್ಲೇ ಇದ್ದು, ತಮ್ಮ ನಕಲನ್ನು ಬೇರೆ ಕಡೆ ಕೂರಿಸುತ್ತವಂತೆ. ಬ್ಯಾಂಕಿನ ನೌಕರಿಯಲ್ಲಿ ಗಂಟುಮೂಟೆ ಕಟ್ಟಿ ಊರೂರು ಸುತ್ತಿದ ನನಗೆ ಆ ಸೌಲಭ್ಯ ಕಂಡು ಹೊಟ್ಟೆಕಿಚ್ಚಾಯಿತು.

ಅವುಗಳನ್ನು ಪತ್ತೆ ಹಚ್ಚುವುದೇ ಅವಳ ಕೆಲಸ. ಯಂತ್ರ ಡಿಎನ್ಎಯನ್ನು ಚೂರುಚೂರಾಗಿ ಓದಿಕೊಡುತ್ತದೆ. ಕಂಪ್ಯೂಟರು ಪ್ರತಿ ಚೂರಿಗೂ ಒಂದು ಮಾದರಿ ಜೀನೋಮಿನಲ್ಲಿ ಜಾಗ ಹುಡುಕುತ್ತದೆ. ಚೂರಿನ ಅರ್ಧ ಇಲ್ಲಿ ಹೊಂದಿ, ಉಳಿದರ್ಧ ಇನ್ನೆಲ್ಲೋ ಹೊಂದಿದರೆ ಯಾರೋ ಬಂದು ಸೇರಿಕೊಂಡಿದ್ದಾರೆಂದು ಅನುಮಾನ. ಅವಳ ಮಾತೂ ಹಾಗೆಯೇ ಅಲ್ಲವೇ ಅನ್ನಿಸಿತು. ಮೈಸೂರು ಕನ್ನಡದಲ್ಲಿ ಹೊರಟ ವಾಕ್ಯ ಮಲಯಾಳದಲ್ಲಿ ಇಳಿಯುತ್ತದೆ. ಹಾಗೆ ನೋಡಿದರೆ ನಮ್ಮ ಜೀನೋಮಿನ ಹತ್ತಿರ ಹತ್ತಿರ ಅರ್ಧ ಇಂಥ ವಲಸಿಗರ ಸಂತಾನವೇ ಅಂತೆ. ಬಹುಪಾಲು ಈಗ ಜಿಗಿಯಲಾರದೆ ಸುಮ್ಮನೆ ಕೂತಿವೆ. ಎಲ್ಲರನ್ನೂ ಹೊರಗೆ ಹಾಕುತ್ತೇನೆಂದು ಹೊರಟರೆ ಮನೆಯೇ ಉಳಿಯುವುದಿಲ್ಲ.

ನನ್ನ ಹತ್ತಿರವೂ ಒಂದು ಸುದ್ದಿಯಿತ್ತು. ವರ್ಷಗಳಿಂದ ಕೇಳುತ್ತಿದ್ದಂತೆ ನನ್ನ ಹುಟ್ಟೂರು ಮೈಸೂರಿಗೆ ವರ್ಗಾವಣೆ ಸಿಕ್ಕಿತ್ತು. ಸೋಮವಾರ ಒಪ್ಪಿಗೆ ತಿಳಿಸಬೇಕಿತ್ತು.

"ಎಲ್ಲಾರೂ ವಾಪಸ್ ಹೋಗ್ಬಿಡೋಣ. ನಿನಗೂ ಅಲ್ಲೇ ಏನಾದ್ರೂ ಕೆಲಸ ನೋಡಿದ್ರಾಯ್ತು," ಎಂದೆ.

ತಿಂಡಿಗೆ ಮಾಡಿದ್ದ ಅಕ್ಕಿಹಿಟ್ಟಿನ ಪುಟ್ಟು ಮುರಿಯುತ್ತಿದ್ದ ಅನಘಾ ಕೈ ತಡೆದಳು. "ನಾನು ಹುಟ್ಟಿದ್ದೇ ಇಲ್ಲಿ, ಅಲ್ಲಿಂದ ಬಂದೇ ಇಲ್ವಲ್ಲಪ್ಪಾ, ವಾಪಸ್ ಹೆಂಗೆ ಹೋಗ್ಲಿ? ಯಾವ ತುಣುಕು ಹೊರಗಿಂದು ಅನ್ನೋದು ಮಾದರಿ ಯಾವ್ದು ಅನ್ನೋದ್ರ ಮೇಲಿರತ್ತೆ. ನೀನು ಮೈಸೂರನ್ನ ಇಟ್ಕೊಂಡು ನನ್ನ ಓದ್ತೀಯ. ಎನಿಕ್ಕ್ ನಾಡ್ ಇದಾಣ್, ನನಗೆ ಊರು ಅಂದ್ರೆ ಇದೇ."

ನನಗೆ ನೋವಾಯಿತು. ಅವಳ ಮಾತು ಸುಳ್ಳಾಗಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಅವಳಿಗೆ ಊರು ಕೊಡಿಸುತ್ತೇನೆಂದುಕೊಂಡು, ಇರುವ ಊರನ್ನೇ ಕಸಿಯಲು ಹೊರಟಿದ್ದೆ. ಬೆಂಬಲಕ್ಕೆಂದು ಹೆಂಡತಿ ಸುಮಾಳ ಕಡೆ ನೋಡಿದೆ.

"ಅವಳನ್ನ ಏನ್ ಕೇಳ್ತೀರ?" ಎಂದಳು ಸುಮಾ. "ಹೋದ ಸಲ ಮೈಸೂರಲ್ಲಿ ಆಟೋದವನ್ನ ಅಣ್ಣಾ ಅನ್ನೋ ಬದ್ಲು ಚೇಟ್ಟಾ, ಚೇಟ್ಟಾ ಅಂತ ಕೂಗ್ದೋರು ಯಾರು? ಅವನು ತಿರುಗಿ ನೋಡ್ಲೇ ಇಲ್ಲ."

ಮೂವರೂ ನಕ್ಕೆವು, ಆದರೆ ನನ್ನ ನಗು ಬೇಗ ನಿಂತಿತು. ಕೂಗಿದ್ದು ನಾನೇ, ಕೂಗುವಾಗ ಅದು ಬೇರೆ ಊರಿನ ಮಾತೆಂದು ಹೊಳೆದೇ ಇರಲಿಲ್ಲ.

ಸೋಮವಾರ ಮೈಸೂರಿನ ಕಚೇರಿಗೆ ಫೋನ್ ಮಾಡಿ ವರ್ಗಾವಣೆ ಬೇಡವೆಂದೆ.

"ಕಾರಣ ಏನಂತ ಹಾಕ್ಲಿ ಸಾರ್?" ಎಂದು ಆ ಕಡೆಯವರು ಕೇಳಿದರು.

"ಸ್ವಂತ ಊರಲ್ಲೇ ಇರ್ಬೇಕು ಅಂತ ಹಾಕಿ," ಎಂದೆ.