ತೂಕದ ಕಟ್ಟೆ ಮರೆತ ವರ್ಲಿನ್

ಭಾನುವಾರ, ಬೆಳಗಿನ ಐದೂವರೆ. ವರ್ಲಿನ್ ತ್ಯಾಡನ್ ಕೊಟ್ಟಿಗೆಯ ಮುಂದೆ ಮಂಡಿಯೂರಿ ಕೂತು, ತಮ್ಮ ನಲವತ್ತೇಳನೆಯ ನಂಬರಿನ ರೇಸ್ ಕಾರಿನ ಅಡಿಗೆ ಮೆತ್ತಿ ಗಟ್ಟಿಯಾದ ಕೆಸರನ್ನು ಮರದ ಚಕ್ಕೆಯಿಂದ ಕೆರೆಯುತ್ತಿದ್ದಾರೆ. ನಿನ್ನೆಯ ಓಟದಲ್ಲಿ ಹನ್ನೊಂದನೆಯ ಸ್ಥಾನ. ಹೆಂಡತಿ ಆರ್ಡಿಸ್ ಕಾಫಿಯ ಜತೆ ಒಂದು ದಿಂಬನ್ನೂ ತಂದು ಅವರ ಎಡಮಂಡಿಯ ಕೆಳಗೆ ತೂರಿಸುತ್ತಾರೆ.

"ಒಳ್ಳೇ ದಿಂಬು ಕಣೇ ಇದು."

"ಒಳ್ಳೇ ಮಂಡಿ ಇದ್ದಿದ್ರೆ ಹಳೇದು ತರ್ತಿದ್ದೆ."

ಅಮೆರಿಕದ ಅಯೋವಾ ರಾಜ್ಯದ ಮೆಕ್ಕೆಜೋಳದ ಹೊಲಗಳ ನಡುವೆ ಅರ್ಧ ಮೈಲಿಯ ಮಣ್ಣಿನ ಟ್ರ್ಯಾಕ್. ಮೂವತ್ತೊಂದು ವರ್ಷಗಳಿಂದ ಬೇಸಿಗೆಯ ಪ್ರತಿ ಶನಿವಾರ ವರ್ಲಿನ್ ಅಲ್ಲಿ ಕಾರು ಓಡಿಸುತ್ತಿದ್ದಾರೆ. ವಾರದ ಉಳಿದ ದಿನ ಶಾಲೆಯ ಬಸ್ಸುಗಳ ರಿಪೇರಿ. ಆರುನೂರಕ್ಕೂ ಹೆಚ್ಚು ಓಟ ಓಡಿದ್ದಾರೆ; ದಾಖಲೆಯಲ್ಲಿ ಒಂದು ಗೆಲುವೂ ಇಲ್ಲ. ಕತ್ತಿನ ಮೂಳೆ ಸವೆದಿದೆ, ಈ ಬೇಸಿಗೆಯೇ ಕೊನೆ ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ಇನ್ನು ಉಳಿದಿರುವುದು ಮೂರು ಶನಿವಾರ.

ಹಾಗಂತ ಗೆದ್ದೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಹತ್ತೊಂಬತ್ತು ವರ್ಷಗಳ ಹಿಂದೆ ಒಂದು ಸಂಜೆ ಅವರು ಎಲ್ಲರಿಗಿಂತ ಮೊದಲು ಗೆರೆ ದಾಟಿದರು. ಓಟ ಮುಗಿದ ಮೇಲೆ ಮೊದಲ ಮೂವರು ಬಲಕ್ಕೆ ತಿರುಗಿ ನೇರ ತೂಕದ ಕಟ್ಟೆಗೆ ಹೋಗಬೇಕು. ಕಾರು ನಿಯಮಕ್ಕಿಂತ ಹಗುರವಿಲ್ಲ ಎಂದು ತೋರಿಸಬೇಕು. ನಡುವೆ ಎಲ್ಲೂ ನಿಲ್ಲುವಂತಿಲ್ಲ. ಉಳಿದವರು ಎಡಕ್ಕೆ, ತಂತಮ್ಮ ಜಾಗಕ್ಕೆ. ಹನ್ನೆರಡು ವರ್ಷ ಆ ಉಳಿದವರಲ್ಲೇ ಒಬ್ಬರಾಗಿದ್ದ ವರ್ಲಿನ್ ಗೇಟು ದಾಟುತ್ತಲೇ ಅಭ್ಯಾಸಬಲದಿಂದ ಎಡಕ್ಕೆ ತಿರುಗಿ ತಮ್ಮ ಜಾಗದಲ್ಲಿ ಕಾರು ನಿಲ್ಲಿಸಿಬಿಟ್ಟರು. ಗೆಲುವು ರದ್ದಾಯಿತು.

"ಬಾ ಅಂತ ನಾನು ಕೈ ಬೀಸ್ತಾ ನಿಂತಿದ್ದೆ," ಎನ್ನುತ್ತಾರೆ ತೂಕದ ಕಟ್ಟೆಯ ಡೆಲ್ಮರ್. ಚರ್ಚಿಗೆ ಹೋಗುವ ದಾರಿಯಲ್ಲಿ ಇತ್ತ ಬಂದು, ಬಕೆಟ್ ಬೋರಲು ಹಾಕಿ ಕೂತಿದ್ದಾರೆ. "ಇವನು ನಂಗೂ ಕೈ ಬೀಸಿ ಹೋದ."

"ಹನ್ನೆರಡು ವರ್ಷ ನೀನು ನನ್ನ ಕರೆದೇ ಇರ್ಲಿಲ್ವಲ್ಲಪ್ಪ," ಎನ್ನುತ್ತಾರೆ ವರ್ಲಿನ್.

ಎರಡನೆಯವನಾಗಿ ಬಂದು ಬಹುಮಾನ ಪಡೆದ ಚಾಲಕ ಮರುದಿನ ಅದನ್ನು ಈ ಕೊಟ್ಟಿಗೆಗೇ ತಂದಿದ್ದ. ವರ್ಲಿನ್ ಮುಟ್ಟಲಿಲ್ಲ. "ಕಟ್ಟೆ ಹತ್ತಿದೋನು ನೀನು" ಎಂದು ಕಾಫಿ ಕುಡಿಸಿ ಕಳಿಸಿದರು.

ಅದರ ಮರು ಶನಿವಾರದಿಂದ ಇಂದಿನವರೆಗೂ ವರ್ಲಿನ್ ಎಷ್ಟನೆಯವರಾಗಿ ಬಂದರೂ ಮೊದಲು ಬಲಕ್ಕೆ ತಿರುಗಿ ತೂಕದ ಕಟ್ಟೆ ಹತ್ತುತ್ತಾರೆ. ಹನ್ನೊಂದನೆಯವನ ಕಾರು ತೂಗಬೇಕೆಂದು ಯಾವ ನಿಯಮವೂ ಇಲ್ಲ. ಆದರೂ ಡೆಲ್ಮರ್ ಒಮ್ಮೆಯೂ ಬೇಡ ಎಂದಿಲ್ಲ. ತೂಕವನ್ನು ಗಟ್ಟಿಯಾಗಿ ಓದಿ, "ಸರಿಯಾಗಿದೆ, ಹೋಗು" ಎನ್ನುತ್ತಾರೆ. ದಾಖಲೆಯ ಹಾಳೆಯಲ್ಲಿ ಮಾತ್ರ ಬರೆಯುವಂತಿಲ್ಲ. ಅದು ಮೊದಲ ಮೂವರದು.

ಉಳಿದ ಮೂರು ವಾರಕ್ಕೆ ಏನು ಆಸೆ ಎಂದು ಕೇಳಿದರೆ ವರ್ಲಿನ್ ಚಕ್ಕೆಗೆ ಅಂಟಿದ ಕೆಸರನ್ನು ಒರೆಸುತ್ತಾರೆ.

"ಒಂದ್ಸಲ ಡೆಲ್ಮರ್ ಹಾಳೇಲಿ ಬರ್ಕೊಂಡ್ರೆ ಸಾಕು." ಮತ್ತೆ ಕಾರಿನಡಿಗೆ ಬಗ್ಗಿ, "ಬರ್ಕೊಳ್ದಿದ್ರೂ ಪರವಾಗಿಲ್ಲ. ದಾರಿ ಈಗ ಕಾರಿಗೇ ಗೊತ್ತು," ಎನ್ನುತ್ತಾರೆ.