ಶರಣಮ್ಮನ ತಿಪ್ಪೆ ಎಲ್ಲಿಗೆ ಹೋಗಬೇಕು?

ಕಳೆದ ಸೋಮವಾರ ನಮ್ಮ ಮನೆಯಲ್ಲಿ ಬೆಳಗಿನ ಚಹಾ ಆಗಲಿಲ್ಲ. ಹಾಲು ಬಂದಿರಲಿಲ್ಲ. ಮಂಗಳವಾರವೂ ಇಲ್ಲ. ಹಾಲು ಕೊಡುವ ಶರಣಮ್ಮನ ಫೋನು ಸ್ವಿಚ್ ಆಫ್.

(ಪ್ಯಾಕೆಟ್ ಹಾಲು ತರಬಾರದೇ ಎನ್ನಬೇಡಿ. ಅವಳ ಎಮ್ಮೆ ಹಾಲಿನ ಚಹಾ ಕುಡಿದವರು ಹಾಗೆ ಕೇಳುವುದಿಲ್ಲ.)

ಹುಮನಾಬಾದಿನಿಂದ ಶೇರ್ ಆಟೋ ಹತ್ತಿ ಘಾಟಬೋರಾಳಕ್ಕೆ ಹೋದೆ. ಅವಳ ಅಂಗಳದಲ್ಲಿ ಎರಡೂ ಗೂಟ ಖಾಲಿ. ಶರಣಮ್ಮ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದಳು.

"ಎಮ್ಮೆ ಎಲ್ಲಿ ಶರಣಮ್ಮ?"

"ಮಾರಿಬಿಟ್ಟೇನ್ರಿ ಅಕ್ಕೋರೆ. ಎರಡೂ."

ಯಾಕೆ? ಹೊಸ ನಿಯಮ ಬರುತ್ತದಂತೆ. ಬಾವಿ, ಹಳ್ಳಗಳ ಹತ್ತಿರ ತಿಪ್ಪೆ ಇರಕೂಡದು. ಸಗಣಿಗೆ ಸಿಮೆಂಟಿನ ಗುಂಡಿ ಬೇಕು. ಇನ್ನೂ ಕರಡು ಅಷ್ಟೇ. ಅಭಿಪ್ರಾಯ ಕೇಳಲು ಅಧಿಕಾರಿಗಳು ಊರಲ್ಲಿ ಮೀಟಿಂಗ್ ಕರೆದಿದ್ದರು. ಹಾಲು ಮಾರುವವರೆಲ್ಲ ಸೇರಿದ್ದರು. ಪಕ್ಕದ ಮನೆಯ ಮೌಲಾಸಾಬ್ ಎದ್ದು ನಿಂತು, "ನಾವಂತೂ ಒಪ್ಪಿದ್ವಿ ಸಾಹೇಬ್ರ. ಎಮ್ಮಿಗೂ ಸ್ವಲ್ಪ ತಿಳಿಸಿ ಹೇಳ್ರಿ" ಅಂದನಂತೆ. ಎಲ್ಲರೂ ನಕ್ಕರು.

ಶರಣಮ್ಮ ನಗಲಿಲ್ಲ. ಅವಳ ತಿಪ್ಪೆ ಇರುವುದೇ ಬಾವಿಯ ಮಗ್ಗುಲಲ್ಲಿ! ಅಲ್ಲಿ ಹೊಲದ ಹಾಗೆ ತಿಪ್ಪೆಯ ಜಾಗವೂ ಪಾಲಾಗುತ್ತದೆ. ಅಣ್ಣತಮ್ಮಂದಿರು ಬೇರೆಯಾದಾಗ ಅವಳ ಗಂಡನಿಗೆ ಬಂದದ್ದು ಆ ಮೂಲೆ. ದೀಪಾವಳಿಗೆ ಅವಳು ದೀಪ ಇಡುವುದೂ ಅದೇ ತಿಪ್ಪೆಗೆ. ಬೇರೆಯವರ ಜಾಗದಲ್ಲಿ ಒಂದು ಬುಟ್ಟಿ ಸಗಣಿ ಹಾಕಿದರೂ ಜಗಳ ಗ್ಯಾರಂಟಿ.

ಮರುದಿನ ಸಾಹೇಬರು ಬಾವಿ ನೋಡಲು ಬರುತ್ತಾರೆಂದು ಸುದ್ದಿ. ಶರಣಮ್ಮ ಏನು ಮಾಡಿದಳು ಗೊತ್ತೇ? ಮನೆಗೆ ಬೀಗರು ಬರುವಾಗ ಮಾಡುವುದನ್ನೇ ಮಾಡಿದಳು. ಕೊಟ್ಟಿಗೆ, ಅಂಗಳ, ತಿಪ್ಪೆಯ ಸುತ್ತಮುತ್ತ ಎಲ್ಲ ಕೊಡಗಟ್ಟಲೆ ನೀರು ಸುರಿದು ತಿಕ್ಕಿ ತೊಳೆದಳು. ಅಂಗಳ ಫಳಫಳ. ಆ ನೀರೆಲ್ಲ ಇಳಿಜಾರು ಹಿಡಿದು ಬಾವಿಗೆ ಹೋಯಿತು. ಸಾಹೇಬರು ಬಾಟಲಿಯಲ್ಲಿ ತುಂಬಿಕೊಂಡದ್ದು ಹಸಿರು ನೀರು.

"ಸ್ವಚ್ಛ ಮಾಡಾಕ ಹೋಗಿ ಹೊಲಸ ಮಾಡಿದ್ನಲ್ರಿ! ಮೌಲಾಸಾಬನ ಮೊಮ್ಮಗಳೂ ಅದೇ ನೀರ ಕುಡೀತದ. ಹೊಟ್ಟಿ ಹಿಡ್ಕೊಂಡು ಅಳಾಕತ್ತದ ಕೂಸು."

ನಿಯಮ ತಪ್ಪು ಎಂದು ನಾನು ಹೇಗೆ ಬರೆಯಲಿ? ಬಾವಿಗೆ ಬಗ್ಗಿ ನೋಡಿದೆ. ಆ ವಾಸನೆಗೆ ಮೂಗು ಮುಚ್ಚಿಕೊಂಡೆ. ಆದರೆ ಶರಣಮ್ಮ ಕೇಳಿದ್ದಾದರೂ ತಪ್ಪೇ?

"ತಿಪ್ಪಿ ಎಲ್ಲಿಗಿ ಒಯ್ಲಿ ಅಂತ ಸಾಹೇಬ್ರಿಗಿ ಕೇಳಿದ್ನಿ ಅಕ್ಕೋರೆ. ನಿಮ್ಮ ಅಭಿಪ್ರಾಯ ಬರೆಸ್ರಿ ಅಂದ್ರು. ಜಾಗಾ ಕೇಳಿದ್ರ ಅಭಿಪ್ರಾಯ ಕೇಳ್ತಾರಲ್ರಿ!"

"ಇನ್ನೂ ಡ್ರಾಫ್ಟ್ ಅಲ್ಲವೇ? ಸ್ವಲ್ಪ ತಡೆಯಬೇಕಿತ್ತು," ಎಂದೆ. (ಇಂಥ ಸಲಹೆ ಕೊಡುವುದು ನಮಗೆಷ್ಟು ಸಲೀಸು!)

"ಹ್ಯಾಂಗ ತಡೀಲ್ರಿ? ಆ ಕೂಸು ಅಳೂದು ಗ್ವಾಡಿ ಆಚಿಂದ ಕೇಳಸ್ತದ."

ಹೊರಡುವಾಗ ಬಾಗಿಲ ಹತ್ತಿರ ಒಂದು ಬಕೆಟ್ ಕಾಲಿಗೆ ತಾಗಿತು. ಒಳಗೆ ಎಮ್ಮೆಗೆಂದು ನೆನೆಸಿದ ಹಿಂಡಿ.

"ಮುಂಜಾನಿ ಮರ್ತು ನೆನಿ ಇಟ್ಟೇನ್ರಿ," ಎಂದು ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

ಆಕ್ಷೇಪಣೆ ಸಲ್ಲಿಸಲು ಇನ್ನೂ ಕಾಲಾವಕಾಶ ಇದೆಯಂತೆ. ಶರಣಮ್ಮನ ಎಮ್ಮೆಗಳಿಗೆ ಇರಲಿಲ್ಲ.