ಮಾವನ ಒಂದು ಪದದ ಎಸ್ಸೆಮ್ಮೆಸ್

ಮಾವನ ಬಲಗೈ ಹೆಬ್ಬೆರಳು ಮೊಬೈಲಿನ ಮೂರು ಗುಂಡಿಗಳನ್ನು ಒಟ್ಟಿಗೆ ಒತ್ತುವಷ್ಟು ಅಗಲವಿತ್ತು. ಮುಂಬೈ ಪಕ್ಕದ ಠಾಣೆ ಊರಿನ ನೌಪಾಡಾದ ಹೋಟೆಲಿನಲ್ಲಿ ಇಪ್ಪತ್ತೈದು ವರ್ಷ ದೋಸೆಕಲ್ಲಿನ ಮುಂದೆ ನಿಂತು ಅದರ ತುದಿ ಸುಟ್ಟು ಸುಟ್ಟು ದಪ್ಪಗಾಗಿತ್ತು. ಎಸ್ಸೆಮ್ಮೆಸ್ ಬರೆಯುವಾಗ ಕನ್ನಡಕ ಹಣೆಗೇರಿಸಿ, ನಾಲಿಗೆ ಕಚ್ಚಿಕೊಂಡು, ಒಂದೊಂದೇ ಅಕ್ಷರ ಹುಡುಕುತ್ತಿದ್ದರು. ಅಷ್ಟೆಲ್ಲ ಮಾಡಿ ಕಳಿಸುತ್ತಿದ್ದದ್ದು ಒಂದೇ ಪದ.

ಅವರು ನನ್ನ ಅಮ್ಮನ ಅಣ್ಣ. ಅಪ್ಪ ತೀರಿಕೊಂಡ ಮೇಲೆ ನಮ್ಮಿಬ್ಬರನ್ನೂ ಉಡುಪಿ ಕಡೆಯಿಂದ ಠಾಣೆಗೆ ಕರೆತಂದು ಸಾಕಿದವರು, ನನ್ನನ್ನು ಓದಿಸಿದವರು. ತಾವು ಮದುವೆ ಆಗಲೇ ಇಲ್ಲ. ಎದುರಿಗಿದ್ದರೆ ಮಾತಿನ ಮಲ್ಲ. ನಾನು ಹತ್ತನೇ ಪಾಸಾದ ದಿನ ಹೋಟೆಲಿನ ಒಳಗಿಂದ "ನಮ್ಮ ಹುಡುಗಿ ಪಾಸಾಯ್ತು ಮಾರಾಯ್ರೆ!" ಎಂದು ಕೂಗಿದ್ದು ರಸ್ತೆಯಾಚೆಯ ಹೂವಿನವಳಿಗೂ ಕೇಳಿಸಿತ್ತು. ಅದೇ ಮನುಷ್ಯ ಮೊಬೈಲು ಹಿಡಿದರೆ ಸರ್ಕಾರಿ ನೋಟಿಸು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ನನ್ನ ಮಗಳು ಹುಟ್ಟಿದ್ದು ನಾನು ಮದುವೆಯಾಗಿ ಹೋದ ಡೊಂಬಿವಲಿಯಲ್ಲಿ. ಬೆಳಗಿನ ಗಿರಾಕಿಗಳ ಗಲಾಟೆಯಲ್ಲಿ ಮಾವ ಫೋನು ಎತ್ತಲಿಲ್ಲ. ಆಸ್ಪತ್ರೆಯ ಮಂಚದಿಂದಲೇ ಬರೆದೆ: "ಮಾವ, ಹೆಣ್ಣು ಮಗು! ಮೂಗು ನಿಮ್ಮದೇ!!!" ಗಂಟೆ ಬಿಟ್ಟು ಉತ್ತರ ಬಂತು. ಇಂಗ್ಲಿಷಿನಲ್ಲಿ ಎಸ್, ಎ, ಆರ್, ಐ. ಕೊನೆಗೊಂದು ಚುಕ್ಕಿ.

ನನ್ನ ಗಂಡ ಮರಾಠಿಯವರು, ಕನ್ನಡ ಬಾರದು. ಫೋನು ತೆಗೆದುಕೊಂಡು "ಸಾರಿ" ಎಂದು ಜೋರಾಗಿ ಓದಿದರು. ಪಕ್ಕದಲ್ಲಿದ್ದ ಅತ್ತೆಯ ಮುಖ ಕೆಂಪಾಯಿತು. "ಮುಲಗೀ ಝಾಲೀ ಮ್ಹಣೂನ್ ಸಾರೀ?" ಹೆಣ್ಣು ಹುಟ್ಟಿತೆಂದು ಸಾರಿ ಹೇಳುವವರು ನಾಮಕರಣಕ್ಕೆ ಬರುವುದೇ ಬೇಡ ಎಂದುಬಿಟ್ಟರು. ಅದು ಕನ್ನಡದ 'ಸರಿ' ಎಂದು ಎಷ್ಟು ಹೇಳಿದರೂ ಅವರಿಗೆ ಸಮಾಧಾನವಾಗಲಿಲ್ಲ. ನಿಜ ಹೇಳಬೇಕೆಂದರೆ, ನನಗೂ ಆಗಲಿಲ್ಲ. ಸಾಕಿದ ಮಗಳಿಗೆ ಮಗು ಹುಟ್ಟಿದರೆ ಬರೀ ಸರಿಯೇ?

ಮಧ್ಯಾಹ್ನ ಫೋನಿನಲ್ಲಿ ಜಗಳಕ್ಕೇ ನಿಂತೆ. "ಖುಷಿಯಾಯ್ತು ಅಂತ ಬರೀಲಿಕ್ಕೆ ನಿಮ್ಗೆ ಎಂತ ಕಷ್ಟ ಮಾವ?"

"ಸರಿ ಅಂತ ಬರ್ದಿದ್ದೇನಲ್ಲ ಮಾರಾಯ್ತಿ! ಖುಷಿ ಇಲ್ಲದಿದ್ರೆ ಸರಿ ಅಂತಾರಾ ಯಾರಾದ್ರೂ?"

ಸಂಜೆಯ ಕೆಲಸ ಬಿಟ್ಟು ಲೋಕಲ್ ರೈಲು ಹಿಡಿದು ಬಂದೇಬಿಟ್ಟರು. ಅತ್ತೆಗೆ ಕೈಮುಗಿದು "ಸಾರಿ ನಾಹೀ ತಾಯಿ! ಸರಿ, ಸರಿ! ಮೀ ಖೂಪ್ ಖುಷ್, ತುಂಬಾ ಖುಷಿ!" ಎಂದು ವಾರ್ಡಿಗೆಲ್ಲ ಕೇಳುವಂತೆ ಕೂಗಿದರು. ನರ್ಸು ಗದರಿದಳು. ಅತ್ತೆ ನಕ್ಕು, ನಾಮಕರಣಕ್ಕೆ ತಾವೇ ಕರೆದರು.

ಇಷ್ಟಾದರೂ ಮಾವನಿಗೆ ಬುದ್ಧಿ ಬರಲಿಲ್ಲ. ವಾಟ್ಸಾಪ್ ಬಂದ ಮೇಲೆ ನಗುವ ಹಳದಿ ಮುಖ ಹಾಕುವುದನ್ನು ಪಕ್ಕ ಕೂತು ಕಲಿಸಿದೆ. "ಇದಕ್ಕೆ ಕಾಮಾಲೆ ಆಗಿದೆಯಾ ಎಂತ?" ಎಂದು ಕೇಳಿ ಫೋನು ಕಿಸೆಗೆ ಸೇರಿಸಿದರು. ಮತ್ತದೇ ಸರಿ, ಆಯ್ತು, ಬೇಡ. ಕೊನೆಗೊಂದು ಚುಕ್ಕಿ. ಮದುವೆ ಮನೆಯ ಫೋಟೋ ಕಳಿಸಿದರೂ ಅಷ್ಟೇ, ಜ್ವರ ಬಂತೆಂದು ಬರೆದರೂ ಅಷ್ಟೇ.

ಅಮ್ಮ ಹೋದ ಮೇಲೆ ಅವರು ಒಬ್ಬರೇ ಇದ್ದರು. ಉಸಿರಾಟದ ತೊಂದರೆಯಾಗಿ ಹೋಟೆಲು ಬಿಟ್ಟಿದ್ದರು. ಒಂದು ಭಾನುವಾರ "ಬರ್ಲಾ ಮಾವ?" ಎಂದು ವಾಟ್ಸಾಪಿನಲ್ಲಿ ಕೇಳಿದೆ. "ಬೇಡ." ಎಂದು ಬಂತು. ಎದುರಿಗೆ ಅಂದಿದ್ದರೆ ಅದು ಬೇಡವೋ, ಬಾ ಎಂಬುದೋ, ದನಿಯಲ್ಲೇ ನನಗೆ ತಿಳಿಯುತ್ತಿತ್ತು. ಊಟಕ್ಕೆ ಕೂತವರು ಬೇಡವೆಂದರೆ ಇನ್ನೊಂದು ಸೌಟು ಬಡಿಸುವ ಜನ ನಾವು. ಫೋನು ಮಾಡಿ ಕೇಳಬಹುದಿತ್ತು, ಮಾಡಲಿಲ್ಲ. ಅಂದು ರೈಲು ಹಳಿ ರಿಪೇರಿಯ ಮೆಗಾಬ್ಲಾಕ್, ಗಾಡಿಗಳು ಕಡಿಮೆ, ನನಗೂ ಸುಸ್ತು. ಆ ಬೇಡ ನನಗೆ ಅನುಕೂಲವಾಗಿಯೇ ಇತ್ತು.

ಸೋಮವಾರ ಬೆಳಿಗ್ಗೆ ಅವರ ಪಕ್ಕದ ಮನೆಯವರು ಫೋನು ಮಾಡಿದರು. ಮಾವ ಹೋಗಿಬಿಟ್ಟಿದ್ದರು.

ಅವರ ಮೇಲೆ ನನಗೆ ಇನ್ನೂ ಸಿಟ್ಟಿದೆ. ಒಂದು ಪದ ಹೆಚ್ಚಿಗೆ ಬರೆದಿದ್ದರೆ ಅವರ ಗಂಟೇನು ಹೋಗುತ್ತಿತ್ತು? ನನ್ನ ಮೇಲಿನ ಸಿಟ್ಟು ಅದಕ್ಕಿಂತ ದೊಡ್ಡದು. ಬರ್ಲಾ ಎಂದು ನಾನು ಕೇಳಲೇಬಾರದಿತ್ತು. ಹೊರಟುಬಿಡಬೇಕಿತ್ತು.